ಉರಿ ಕಾಣದ ಒಲೆ

ಹೊಸಪೇಟೆಯ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡಿತು. ಮುಂದೆ ಅಲ್ಲಿಯೂ ಹಂಪಿಯ ಬಳಿಯ ಕಾಲುವೆಯಲ್ಲಿಯೂ ವಿದ್ಯುದಾಗಾರಗಳು ಎದ್ದುನಿಂತವು. ನೀರಿನ ರಭಸವು ಬೆಳಕಾಯಿತು. ವಿದ್ಯುತ್ತು ಈಗ ಅಡುಗೆಮನೆಯನ್ನೂ ಪ್ರವೇಶಿಸಿದೆ. ಗೋಡೆಯ ಕಪಾಟಿನೊಳಗೆ ಕೂರಿಸುವ ವಿದ್ಯುತ್ ಒಲೆಗೆ, ಅಂದರೆ ಓವನ್ನಿಗೆ, ಹೊಗೆಯಿಲ್ಲ, ಬೂದಿಯಿಲ್ಲ. ಸೌದೆಯ ಉರಿಯಾದರೋ ತನ್ನ ಇರವನ್ನು ತಾನೇ ಸಾರುತ್ತದೆ. ಇಲ್ಲಿ ಅಪಾಯವು ಕಣ್ಣಿಗೆ ಕಾಣದು.

2,300 ವ್ಯಾಟಿನ ಓವನ್ 230 ವೋಲ್ಟಿನಲ್ಲಿ 10 ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತದೆ. ದೀಪ, ಫ್ಯಾನುಗಳಿಗೆಂದು ಹಾಕಿದ 6 ಆಂಪಿಯರಿನ ಸಾಕೆಟ್ಟಿಗೆ ಅದನ್ನು ಜೋಡಿಸಿದರೆ ತಂತಿ ಕಾದು, ಹೊದಿಕೆ ಕರಗಿ, ಗೋಡೆಯೊಳಗೇ ಬೆಂಕಿ ಹುಟ್ಟೀತು. ಆದ್ದರಿಂದ ಅದಕ್ಕೆ ದಪ್ಪ ತಂತಿಯ ಪ್ರತ್ಯೇಕ ಮಾರ್ಗವೇ ಬೇಕು. ಪ್ಲಗ್ಗಿನ ಮೂರನೆಯ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದು ಅಲಂಕಾರಕ್ಕಲ್ಲ. ಭೂಸಂಪರ್ಕವು ಮೊದಲು ಕೂಡಿ ಕೊನೆಗೆ ಬಿಡಲೆಂದು. ಒಳಗಿನ ತಂತಿ ಸಡಿಲಗೊಂಡು ಲೋಹದ ಮೈಗೆ ತಗುಲಿದಾಗ ವಿದ್ಯುತ್ತು ಆ ಹಾದಿಯಿಂದ ನೆಲಕ್ಕಿಳಿದು ಫ್ಯೂಸು ಹಾರುತ್ತದೆ. ಆ ಹಾದಿಯಿಲ್ಲದಿದ್ದರೆ, ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಮುಟ್ಟಿದವರ ಮೈಯೇ ಹಾದಿಯಾಗುತ್ತದೆ. ಆ ಪಿನ್ನನ್ನೇ ಮುರಿದು ಬಳಸುವ ಜಾಣರೂ ಉಂಟು!

ಕಪಾಟಿನಲ್ಲಿ ತಯಾರಕರು ಸೂಚಿಸಿದಷ್ಟು ಗಾಳಿಯ ಸಂದು ಬಿಡಬೇಕು. ಒರೆಸುವ ಮೊದಲು ಸ್ವಿಚ್ಚು ಆರಿಸಿ, ಒಲೆಯನ್ನು ತಣಿಯಗೊಡಬೇಕು. ಬಿಸಿ ತಟ್ಟೆಯನ್ನು ಒಣಗಿದ ದಪ್ಪ ಬಟ್ಟೆಯಿಂದಲೇ ಹಿಡಿಯಬೇಕು. ಒದ್ದೆ ಬಟ್ಟೆಯ ಮೂಲಕ ಬಿಸಿಯು ಬೇಗನೆ ಕೈಗೆ ಹರಿಯುತ್ತದೆ.

ಕಂಪ್ಲಿಯ ಗೃಹಿಣಿಯು ಶೇಂಗಾ ಹುರಿಯಬೇಕೆಂದರೆ ಓವನ್ನನ್ನು ಮೊದಲೇ 170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಕಾಳನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ, ಸುಮಾರು 15 ನಿಮಿಷ ಇಡಬಹುದು. ಬಾಗಿಲನ್ನು ತೆರೆದಾಗಲೆಲ್ಲ ಕಾವು ಹೊರಹೋಗಿ ವಿದ್ಯುತ್ತು ವ್ಯರ್ಥವಾಗುತ್ತದೆ. ಕೆಲವು ನಿಮಿಷ ಮೊದಲೇ ಆರಿಸಿದರೂ ಒಳಗುಳಿದ ಕಾವೇ ಕೆಲಸವನ್ನು ಮುಗಿಸುತ್ತದೆ. ಜೋಳದ ರೊಟ್ಟಿಗೆ ಮಾತ್ರ ಹಂಚೇ ಸರಿ.