ಕರಡು ಹೊರಬಿದ್ದ ಮೇಲಿನ ಎರಡು ತಿಂಗಳು

ಕನಿಷ್ಠ ವೇತನ ಏರಬೇಕಾದರೆ ಪ್ರತಿಸಲ ವಿಧಾನಸಭೆಯಲ್ಲಿ ಮಸೂದೆ ಪಾಸಾಗಬೇಕಿಲ್ಲ. ರಾಜ್ಯ ಸರ್ಕಾರದ ಅಧಿಸೂಚನೆ ಸಾಕು. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಹೀಗೇ ಇತ್ತು. 2025ರ ನವೆಂಬರ್ 21ರಂದು ಅದರ ಜಾಗಕ್ಕೆ ಬಂದ ವೇತನ ಸಂಹಿತೆಯಲ್ಲೂ ಹೀಗೇ ಇದೆ. ಐದು ವರ್ಷ ಮೀರದಂತೆ ದರಗಳನ್ನು ಪರಿಶೀಲಿಸಲೇಬೇಕು.

ಅದಕ್ಕೆ ಎರಡು ದಾರಿಗಳಿವೆ. ಸಮಿತಿ ರಚಿಸಿ ಶಿಫಾರಸು ಪಡೆಯುವುದು ಒಂದು. ಕರಡು ದರ ಪ್ರಕಟಿಸಿ, ಕನಿಷ್ಠ ಎರಡು ತಿಂಗಳು ಆಕ್ಷೇಪಣೆ ಕೇಳುವುದು ಇನ್ನೊಂದು. ನಾನು ಒತ್ತಿ ಹೇಳಬೇಕಿರುವುದು ಈ ಎರಡು ತಿಂಗಳ ಬಗ್ಗೆ. ಮಾಲೀಕರ ಸಂಘಗಳು ವಕೀಲರನ್ನಿಟ್ಟು ಆಕ್ಷೇಪಣೆ ಬರೆಸುತ್ತವೆ. ಹೌಸ್‌ಕೀಪಿಂಗ್ ಕೆಲಸದ ಹೆಣ್ಣುಮಕ್ಕಳಿಗೆ, ಬೀಡಿ ಕಟ್ಟುವವರಿಗೆ ಕರಡು ಬಂದ ಸುದ್ದಿಯೇ ಎಷ್ಟೋ ಸಲ ಮುಟ್ಟುವುದಿಲ್ಲ. ಇದು ತಪ್ಪಬೇಕು.

ಬರೆಯುವುದೇನು? 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಲೆಕ್ಕದ ದಾರಿ ಹಾಕಿಕೊಟ್ಟಿದೆ. ದುಡಿಯುವವರು, ಸಂಗಾತಿ, ಇಬ್ಬರು ಮಕ್ಕಳು ಸೇರಿ ಮೂರು ಘಟಕ, ಘಟಕಕ್ಕೆ ದಿನವೂ 2,700 ಕ್ಯಾಲೊರಿ ಊಟ, ಮನೆಮಂದಿಗೆಲ್ಲ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇವುಗಳ ಜೊತೆಗೆ ಉರುವಲು, ದೀಪದಂಥ ಖರ್ಚಿಗೆ ವೇತನದ ಶೇ 20. ಮಕ್ಕಳ ಓದು, ಔಷಧ, ಹಬ್ಬ, ಮದುವೆ, ಮುಪ್ಪಿನ ಖರ್ಚಿಗೂ ಶೇ 25 ಇರಬೇಕೆಂದು 1991ರ ರೆಪ್ಟಕೋಸ್ ಬ್ರೆಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರಡಿನ ದರ ಈ ಲೆಕ್ಕಕ್ಕೆ ಕಡಿಮೆ ಬಿದ್ದರೆ ಅದೇ ನಿಮ್ಮ ಆಕ್ಷೇಪಣೆ. ವಯಸ್ಸಾದ ತಂದೆತಾಯಿ ಈ ಲೆಕ್ಕದಲ್ಲೇ ಇಲ್ಲ. ದೊಡ್ಡ ಕೊರತೆ ಅದು, ಅದನ್ನೂ ಬರೆಯಿರಿ. ಕನ್ನಡದಲ್ಲಿ ಒಂದು ಹಾಳೆ ಸಾಕು. ಬಾಡಿಗೆ ಕರಾರು, ಶಾಲೆಯ ಫೀ ರಸೀದಿ, ದಿನಸಿ ಅಂಗಡಿ ಚೀಟಿಯ ನಕಲು ಲಗತ್ತಿಸಿ, ಕರಡಿನಲ್ಲಿರುವ ವಿಳಾಸಕ್ಕೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ.

ಮೂಲ ದರ ಬದಲಾಗದ ವರ್ಷವೂ ಕರ್ನಾಟಕದಲ್ಲಿ ಏಪ್ರಿಲ್ 1ಕ್ಕೆ ಬೆಲೆ ಸೂಚ್ಯಂಕ ನೋಡಿ ತುಟ್ಟಿಭತ್ಯೆ ಪರಿಷ್ಕರಿಸುತ್ತಾರೆ. 2020ರಲ್ಲಿ ಗಾರ್ಮೆಂಟ್ಸ್ ಕಾರ್ಮಿಕರಿಗೆ ತಿಂಗಳಿಗೆ 417 ರೂಪಾಯಿ 60 ಪೈಸೆ ಏರಬೇಕಿತ್ತು. 26 ದಿನಕ್ಕೆ ಹಂಚಿದರೆ ದಿನಕ್ಕೆ 16 ರೂಪಾಯಿ. ಅಷ್ಟನ್ನೂ ಕೋವಿಡ್ ಹೆಸರಲ್ಲಿ ಸರ್ಕಾರ ಮುಂದೂಡಿತು. ಕಾರ್ಮಿಕ ಸಂಘಟನೆಗಳು ಹೈಕೋರ್ಟ್ ಮೆಟ್ಟಿಲೇರಿದವು. ಸೆಪ್ಟೆಂಬರ್‌ನಲ್ಲಿ ಆ ಆದೇಶಕ್ಕೆ ತಡೆ ಸಿಕ್ಕಿತು. ಆದರೂ ಹಲವರಿಗೆ ಬಾಕಿ ಕೈಸೇರುವಷ್ಟರಲ್ಲಿ ವರ್ಷವೇ ದಾಟಿತ್ತು.

ನಿಗದಿಗಿಂತ ಕಡಿಮೆ ಕೊಟ್ಟರೆ ಮೂರು ವರ್ಷದೊಳಗೆ ಕಾರ್ಮಿಕ ಇಲಾಖೆಯ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ನಿಮ್ಮ ಪರವಾಗಿ ಯೂನಿಯನ್ ಕೂಡ ಹಾಕಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಸಂಬಳ ಸರಿಯಾಗಿ ಕೊಟ್ಟಿದ್ದೇವೆಂದು ರುಜುವಾತು ಮಾಡುವ ಹೊಣೆ ಮಾಲೀಕರದು. ಆದರೂ ವೇತನ ಚೀಟಿ, ಹಾಜರಿ ಪುಸ್ತಕದ ಫೋಟೊ, ಬ್ಯಾಂಕ್ ಪಾಸ್‌ಬುಕ್ ಜೋಪಾನವಾಗಿಡಿ. ‘ಕಡಿಮೆಗೆ ಒಪ್ಪಿದ್ದೇನೆ’ ಎಂದು ಸಹಿ ಹಾಕಿಸಿಕೊಂಡಿದ್ದರೆ ಹೆದರಬೇಡಿ, ಅಂಥ ಒಪ್ಪಂದ ಕಾನೂನಿನ ಮುಂದೆ ನಿಲ್ಲದು. ಗುತ್ತಿಗೆದಾರ ಸಂಬಳ ಕೊಡದೆ ಕೈಯೆತ್ತಿದರೆ, ಯಾರ ಜಾಗದಲ್ಲಿ ದುಡಿದಿರೋ ಆ ಕಂಪನಿಯೇ ಕೊಡಬೇಕು.