ಯೀಸ್ಟ್ ಹಾಕುವ ಮುನ್ನವೇ ಅರ್ಧ ಪಾಠ: ಚೆನ್ನೈ ಅಡುಗೆಮನೆಯಲ್ಲಿ ಏಲ್, ಸ್ಟೌಟ್ ಅರಿಯುವ ಬಗೆ

ಏಲ್, ಸ್ಟೌಟ್ ಬಗೆಯ ಬಿಯರುಗಳ ರುಚಿ ಹತ್ತಿದವರು ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಇದ್ದರೆ ಮುಂದಿನ ಹೆಜ್ಜೆ ಸಲೀಸು. ಮನೆಯಲ್ಲೇ ಒಂದಿಷ್ಟು ತಯಾರಿಸಿ ನೋಡುತ್ತಾರೆ. ಬ್ರಿಟನ್ನಿನಲ್ಲಿ 1963ರಿಂದ ಸ್ವಂತ ಬಳಕೆಯ ಬಿಯರಿಗೆ ಲೈಸೆನ್ಸ್ ಬೇಕಿಲ್ಲ. ಅಮೆರಿಕದ ಕೇಂದ್ರ ಸರ್ಕಾರ 1978ರ ಕಾನೂನಿನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಚೆನ್ನೈನಲ್ಲಿ ನೆಲೆಸಿರುವ ಕನ್ನಡಿಗರಿಗೆ ಆ ಅನುಕೂಲ ಇಲ್ಲ. ತಮಿಳುನಾಡಿನಲ್ಲಿ ಇಂದಿಗೂ ಜಾರಿಯಲ್ಲಿರುವುದು 1937ರ ಪಾನನಿಷೇಧ ಕಾಯ್ದೆ. ರಾಜಾಜಿ ಸೇಲಂ ಜಿಲ್ಲೆಯಿಂದ ಆರಂಭಿಸಿದ ಪಾನನಿಷೇಧ ಹಲವು ಸಲ ಸಡಿಲಗೊಂಡು ಮತ್ತೆ ಬಿಗಿಯಾಗಿ, ಕೊನೆಗೆ 1983ರಲ್ಲಿ ಸರ್ಕಾರಿ ಮದ್ಯ ಮಾರಾಟ ಸಂಸ್ಥೆ ಟಾಸ್ಮಾಕ್ ಹುಟ್ಟಿತು. 2003ರಿಂದ ಚಿಲ್ಲರೆ ಮಾರಾಟವೂ ಅದರದೇ. ಅಂಗಡಿಗಳು ಬಂದರೂ ಕಾಯ್ದೆ ಹೋಗಲಿಲ್ಲ. ಅದರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದಷ್ಟೇ ಅಲ್ಲ, ತಯಾರಿಕೆಗೆಂದು ಪರಿಕರ ಇಟ್ಟುಕೊಳ್ಳುವುದೂ ಅಪರಾಧ. ಬಿಯರಿಗೆ ಇದರಲ್ಲಿ ವಿನಾಯಿತಿ ಇಲ್ಲ. ಕರ್ನಾಟಕದಲ್ಲೂ 1965ರ ಅಬಕಾರಿ ಕಾಯ್ದೆಯಡಿ ಮನೆಯ ತಯಾರಿಕೆಗೆ ಅವಕಾಶವಿಲ್ಲದ ಕಾರಣ, ಬೆಂಗಳೂರಿನ ನೆಂಟರ ಮನೆಗೆ ಹೋಗಿ ಮಾಡಿದರೂ ಅದು ತಪ್ಪೇ.

ಹಾಗಂತ ಕಲಿಕೆಯನ್ನೇ ಕೈಬಿಡಬೇಕಿಲ್ಲ. ಬಿಯರ್ ತಯಾರಿಕೆ ಎರಡು ಘಟ್ಟಗಳ ಕೆಲಸ. ಮೊದಲನೆಯದರಲ್ಲಿ ಧಾನ್ಯ ಮೊಳೆಯುತ್ತದೆ, ಒಣಗುತ್ತದೆ ಅಥವಾ ಹುರಿಯುತ್ತದೆ, ಬಿಸಿನೀರಿನಲ್ಲಿ ನೆನೆದು ಸಿಹಿ ರಸವಾಗುತ್ತದೆ. ಎರಡನೆಯದರಲ್ಲಿ ಯೀಸ್ಟ್ ಆ ಸಿಹಿಯನ್ನು ತಿಂದು ಮದ್ಯಸಾರ ಮಾಡುತ್ತದೆ. ಕಾನೂನಿನ ತಕರಾರು ಇರುವುದು ಎರಡನೆಯ ಘಟ್ಟಕ್ಕೆ. ಸ್ಟೌಟ್ ಯಾಕೆ ಕಪ್ಪು, ಒಂದು ಏಲ್ ಯಾಕೆ ಬಾಯಿ ತುಂಬುವಷ್ಟು ಗಟ್ಟಿ, ಇನ್ನೊಂದು ಯಾಕೆ ನೀರಿನಂತೆ ಹಗುರ ಎಂಬುದರ ದೊಡ್ಡ ಪಾಲು ತೀರ್ಮಾನವಾಗುವುದು ಮೊದಲ ಘಟ್ಟದಲ್ಲಿ. ಅದನ್ನು ರಾಗಿ, ನೀರು, ಥರ್ಮಾಮೀಟರ್ ಇಟ್ಟುಕೊಂಡು ಯಾರು ಬೇಕಾದರೂ ಮನೆಯಲ್ಲಿ ಮಾಡಿ ಕಲಿಯಬಹುದು. ಕೈಗೆ ಸಿಗುವುದು ಮದ್ಯವಲ್ಲ, ಮನೆಮಂದಿಯೆಲ್ಲ ಕುಡಿಯಬಹುದಾದ ಮಾಲ್ಟ್ ಪಾನೀಯ.

ಈ ವಾದಕ್ಕೆ ಊರಿನ ಹವೆಯ ಬೆಂಬಲವೂ ಇದೆ. ಏಲ್ ಯೀಸ್ಟಿಗೆ ಹಿಡಿಸುವುದು ಸುಮಾರು 18ರಿಂದ 22 ಡಿಗ್ರಿ ಸೆಲ್ಸಿಯಸ್. ಅದನ್ನು 30 ಡಿಗ್ರಿ ದಾಟಿಸಿದರೆ ಗಂಟಲು ಸುಡುವ ಒರಟು ಮದ್ಯಸಾರಗಳು ಹುಟ್ಟಿ ರುಚಿ ಕೆಡುತ್ತದೆ. ಫ್ರಿಜ್ ಇಲ್ಲದ ಕಾಲದಲ್ಲಿ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಸೈನಿಕರಿಗೆ ಪೋರ್ಟರ್, ಅಧಿಕಾರಿಗಳಿಗೆ ಪೇಲ್ ಏಲ್ ಇಂಗ್ಲೆಂಡಿನಿಂದಲೇ ತಿಂಗಳುಗಟ್ಟಲೆ ಹಡಗಿನಲ್ಲಿ ಬರಬೇಕಾಗಿತ್ತು. ಭಾರತದಲ್ಲಿ ಬ್ರೂವರಿಗಳು ಶುರುವಾದಾಗಲೂ ಹಲವು ತಂಪು ಜಾಗಗಳನ್ನೇ ಆರಿಸಿಕೊಂಡವು: ಕಸೌಲಿ, ನೀಲಗಿರಿ, ಬೆಂಗಳೂರು. ಥಾಮಸ್ ಲೀಶ್‌ಮನ್ 1915ರಲ್ಲಿ ಒಗ್ಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ್ದು ಹೆಚ್ಚಾಗಿ ದಕ್ಷಿಣದ ಇಂಥ ಬ್ರೂವರಿಗಳನ್ನೇ. ಹುದುಗಿಸುವ ಕೆಲಸಕ್ಕೆ ಹೀಗೆ ಅಡ್ಡಿಯಾಗುವ ಚೆನ್ನೈನ ಸೆಕೆ, ರಾಗಿ ಮೊಳೆಯಿಸುವ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಬೇಕಾಗುವ ಸಾಮಗ್ರಿ: ಇಡೀ ರಾಗಿ 250 ಗ್ರಾಂ, ಮಾಮೂಲು ರಾಗಿ ಹಿಟ್ಟು 100 ಗ್ರಾಂ, ತೆಳು ಹತ್ತಿ ಬಟ್ಟೆ, ಅಡುಗೆ ಥರ್ಮಾಮೀಟರ್, ಬಿಸಿ ಹಿಡಿದಿಡುವ ಹಾಟ್‌ಬಾಕ್ಸ್, ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್, ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ, ಸೋಡಾ.

ಹಂತ 1: ಧಾನ್ಯದ ಆಯ್ಕೆ

ಬಿಯರ್ ಎಂದರೆ ಬಾರ್ಲಿಯಲ್ಲವೇ, ರಾಗಿ ಯಾಕೆ ಎಂದು ಕೇಳಬಹುದು. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಬಿಳಿ ಬಾರ್ಲಿ ಪಾಲಿಶ್ ಆದದ್ದು, ಅದು ಮೊಳೆಯುವುದಿಲ್ಲ. ಸಿಪ್ಪೆಯಿರುವ ಇಡೀ ಜವೆಗೋಧಿಯನ್ನು ಸೌಕಾರ್‌ಪೇಟೆಯ ಉತ್ತರ ಭಾರತೀಯರ ಅಂಗಡಿಗಳಲ್ಲಿ ವಿಚಾರಿಸಬಹುದು. ಆದರೆ ಬಾರ್ಲಿ ಚೆನ್ನಾಗಿ ಮೊಳೆಯುವುದು 15ರಿಂದ 18 ಡಿಗ್ರಿಯಲ್ಲಿ. ಚೆನ್ನೈನ ಮಾಮೂಲು ದಿನದ ಬಿಸಿ, ತೇವಕ್ಕೆ ಬೂಷ್ಟು ಹಿಡಿಯುವ ಸಂಭವ ಹೆಚ್ಚು. ರಾಗಿಗೆ ಬೇಕಾದದ್ದು 25ರಿಂದ 30 ಡಿಗ್ರಿ. ಜೊತೆಗೆ, ಪಿಷ್ಟವನ್ನು ಒಡೆದು ಸಕ್ಕರೆ ಮಾಡುವ ಅಮೈಲೇಸ್ ಎಂಬ ಕಿಣ್ವ ಮೊಳೆತ ರಾಗಿಯಲ್ಲಿ ಧಾರಾಳವಾಗಿರುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ಸಂಶೋಧಕರು ಮಕ್ಕಳ ಆಹಾರಕ್ಕಾಗಿ ರಾಗಿ ಮಾಲ್ಟಿನ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಕೂಸಿಗೆ ಮೊಳಕೆ ರಾಗಿ ಹಿಟ್ಟಿನ ಗಂಜಿ ಕೊಡುವ ನಮ್ಮ ಮನೆಗಳ ವಾಡಿಕೆಗೂ ಬ್ರೂವರಿಯ ಮಾಲ್ಟಿಗೂ ಹಿಂದಿರುವ ರಸಾಯನ ಒಂದೇ.

ಹಂತ 2: ಮೊಳಕೆ ಕಟ್ಟುವುದು

ರಾಗಿಯನ್ನು ಕಲ್ಲು, ಮಣ್ಣು ಹೋಗುವಂತೆ ಮೂರ‍್ನಾಲ್ಕು ಸಲ ಜಾಲಿಸಿ 12 ಗಂಟೆ ನೆನೆಹಾಕಿ. ನಡುವೆ ಒಮ್ಮೆ ನೀರು ಬದಲಿಸಿ, ಇಲ್ಲದಿದ್ದರೆ ಹುಳಿ ವಾಸನೆ ಬರುತ್ತದೆ. ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಗಾಳಿಯಾಡುವ ನೆರಳಿನಲ್ಲಿ 36ರಿಂದ 48 ಗಂಟೆ ಇಡಿ. ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ ಕೈಯಾಡಿಸಿದರೆ ಗಂಟಿನ ನಡುವೆ ಬಿಸಿ ಕೂಡಿಕೊಳ್ಳುವುದಿಲ್ಲ. ಬಿಳಿ ಮೊಳಕೆ ಕಾಳಿಗಿಂತ ತುಸು ಉದ್ದವಾದಾಗ ನಿಲ್ಲಿಸಿ. ಇನ್ನೂ ಬೆಳೆಯಲು ಬಿಟ್ಟರೆ ಕಾಳಿನ ಪಿಷ್ಟವನ್ನು ಗಿಡವೇ ಉಣ್ಣುತ್ತದೆ. ಹಸಿರು, ಕಪ್ಪು ಬೂಷ್ಟು ಕಂಡರೆ ಇಡೀ ಗಂಟನ್ನು ಎಸೆಯಿರಿ. ತೊಳೆದು ಉಳಿಸಿಕೊಳ್ಳುವ ಆಸೆ ಬೇಡ.

ಹಂತ 3: ಒಣಗಿಸುವುದು, ಹುರಿಯುವುದು

ತಾರಸಿಯ ಮೇಲೆ ತೆಳುವಾಗಿ ಹರಡಿ ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ. ಮೇ ತಿಂಗಳ ಅಗ್ನಿನಕ್ಷತ್ರದ ಬಿಸಿಲಾದರೆ ಒಂದು ದಿನ ಸಾಕಾದೀತು. ಅಂಗೈಯಲ್ಲಿ ತಿಕ್ಕಿ, ಉದುರುವ ಬೇರುಗಳನ್ನು ಜರಡಿಯಲ್ಲಿ ಬೇರ್ಪಡಿಸಿ. ಅವು ಉಳಿದರೆ ರುಚಿ ಒಗರು, ಕಹಿ. ಮನೆಗಳಲ್ಲಿ ಮೊಳಕೆ ರಾಗಿಯನ್ನು ಬೀಸುವ ಮುಂಚೆ ಘಮ್ಮೆನ್ನುವಂತೆ ಹುರಿಯುವ ರೂಢಿ ಇದೆ. ಇಲ್ಲಿ ಹಾಗೆ ಮಾಡಬಾರದು, ಹುರಿದರೆ ಕಿಣ್ವ ಸಾಯುತ್ತದೆ. ಅಂಗಡಿಯ ರಾಗಿ ಮಾಲ್ಟ್ ಪೊಟ್ಟಣಗಳು ಈ ಕೆಲಸಕ್ಕೆ ಬಾರದಿರುವುದೂ ಹೆಚ್ಚಾಗಿ ಇದೇ ಕಾರಣಕ್ಕೆ. ಬಿಸಿಲಲ್ಲಿ ಒಣಗಿದ್ದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಹಾಗೇ ಹಿಟ್ಟು ಮಾಡಿಡಿ.

ಉಳಿದದ್ದರಲ್ಲಿ 20 ಗ್ರಾಂ ತೆಗೆದು ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಕಾಫಿ ಬೀಜ ಹುರಿದ ಹಾಗೆ, ಕೈ ಬಿಡದೆ ಕೆದಕುತ್ತಾ ಹುರಿಯಿರಿ. ಮೊದಲು ಬಿಸ್ಕತ್ತಿನ ವಾಸನೆ, ಆಮೇಲೆ ಕೋಕೋ, ಕೊನೆಗೆ ಕಾಫಿಯ ಕಹಿ ಘಾಟು. ಹೊಗೆ ದಟ್ಟವಾಗುವ ಮುಂಚೆ ಇಳಿಸಿ, ಬೇರೆ ತಟ್ಟೆಗೆ ಸುರಿದು ಆರಿಸಿ. ಸ್ಟೌಟಿನ ಗುಟ್ಟು ಇಷ್ಟೇ. ಲಂಡನ್ನಿನ ಡೇನಿಯಲ್ ವೀಲರ್ 1817ರಲ್ಲಿ ಮಾಲ್ಟನ್ನು ಸುಟ್ಟು ಬೂದಿಯಾಗಿಸದೆ ಕಪ್ಪಾಗಿ ಹುರಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ, ಬ್ರೂವರಿಗಳು ಸ್ವಲ್ಪವೇ ಕರಿ ಮಾಲ್ಟ್ ಬೆರೆಸಿ ಇಡೀ ಪೀಪಾಯಿಗೆ ಕಪ್ಪು ಬಣ್ಣ ತರುವುದು ಸಾಧ್ಯವಾಯಿತು. ಕಪ್ಪು ಬಿಯರ್ ಎಂದರೆ ‘ಸ್ಟ್ರಾಂಗ್’ ಎಂಬ ನಂಬಿಕೆ ಎಷ್ಟು ಪೊಳ್ಳು ಎಂಬುದೂ ಇದರಿಂದ ತಿಳಿಯುತ್ತದೆ. ಬಣ್ಣ ಬರುವುದು ಹುರಿದ ಧಾನ್ಯದಿಂದ, ಅಮಲು ಬರುವುದು ಸಕ್ಕರೆಯ ಪ್ರಮಾಣದಿಂದ. ನಮ್ಮಲ್ಲಿ ಮಾರಾಟವಾಗುವ ಎಷ್ಟೋ ತಿಳಿಹಳದಿ ‘ಸ್ಟ್ರಾಂಗ್’ ಲಾಗರುಗಳಿಗಿಂತ ಸುಮಾರು 4.2 ಪರ್ಸೆಂಟಿನ ಐರಿಷ್ ಡ್ರಾಫ್ಟ್ ಸ್ಟೌಟ್ ಹಗುರವಾದದ್ದು.

ಹಂತ 4: ಅಂಬಲಿಯಿಂದ ಸಿಹಿ ರಸ

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಹಂತ ಇದು. 100 ಗ್ರಾಂ ಮಾಮೂಲು ರಾಗಿ ಹಿಟ್ಟನ್ನು 800 ಮಿಲಿಲೀಟರ್ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಸಿ ಗಟ್ಟಿ ಅಂಬಲಿ ಮಾಡಿ. ರಾಗಿಯ ಪಿಷ್ಟ ಬೆಂದು ಅರಳದಿದ್ದರೆ ಕಿಣ್ವಕ್ಕೆ ಸುಲಭವಾಗಿ ಸಿಗುವುದಿಲ್ಲ. ಇನ್ನೊಂದು ಪಾತ್ರೆಯಲ್ಲಿ 100 ಗ್ರಾಂ ಮೊಳಕೆ ಹಿಟ್ಟನ್ನು 200 ಮಿಲಿಲೀಟರ್ ತಣ್ಣೀರಿನಲ್ಲಿ ಕಲಸಿಡಿ. ಅಂಬಲಿ 75 ಡಿಗ್ರಿಗೆ ಇಳಿದಾಗ ಎರಡನ್ನೂ ಬೆರೆಸಿದರೆ ಒಟ್ಟು ಬಿಸಿ 64 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಸ್ಟೌಟ್ ಮಾದರಿ ಬೇಕಿದ್ದರೆ ಹುರಿದದ್ದನ್ನೂ ಪುಡಿಮಾಡಿ ಈಗಲೇ ಸೇರಿಸಿ. ಸೌಟಿನಲ್ಲಿ ತಿರುಗಿಸುತ್ತಿದ್ದಂತೆ ಕೆಲವೇ ನಿಮಿಷಗಳಲ್ಲಿ ಬದಲಾವಣೆ ಕಾಣುತ್ತದೆ. ಸೌಟಿಗೆ ಅಂಟಿ ನಿಧಾನವಾಗಿ ಜಾರುತ್ತಿದ್ದ ಅಂಬಲಿ ನೀರು ಹೊಯ್ದಂತೆ ತೆಳುವಾಗಿ ಹರಿಯುತ್ತದೆ. ನೀರು ಮಾತ್ರ ಒಂದು ಹನಿಯೂ ಹೆಚ್ಚಿಗೆ ಬಿದ್ದಿರುವುದಿಲ್ಲ. ಪಿಷ್ಟದ ಉದ್ದ ಸರಪಳಿಗಳನ್ನು ಅಮೈಲೇಸ್ ಕತ್ತರಿಸುತ್ತಿರುವುದಕ್ಕೆ ಇದೇ ಸಾಕ್ಷಿ.

ಹಾಟ್‌ಬಾಕ್ಸಿಗೆ ಸುರಿದು ಒಂದು ಗಂಟೆ ಮುಚ್ಚಿಡಿ. ಆಮೇಲೆ ಬಿಳಿ ತಟ್ಟೆಯಲ್ಲಿ ಒಂದು ಹನಿ ತಿಳಿಯ ಮೇಲೆ ಒಂದು ಹನಿ ಅಯೋಡಿನ್ ಬಿಡಿ. ಕಡುನೀಲಿಗೆ ತಿರುಗಿದರೆ ಪಿಷ್ಟ ಇನ್ನೂ ಇದೆ, ಅರ್ಧ ಗಂಟೆ ಕಾಯಿರಿ. ಕಂದು ಬಣ್ಣವೇ ಉಳಿದರೆ ಕೆಲಸ ಮುಗಿದಂತೆ. ಕಪ್ಪು ರಸದಲ್ಲಿ ಈ ಬಣ್ಣ ಕಾಣುವುದು ಕಷ್ಟ, ಆದ್ದರಿಂದ ಮೊದಲ ಸಲ ಹುರಿದದ್ದನ್ನು ಬಿಟ್ಟು ಮಾಡುವುದು ಒಳ್ಳೆಯದು. ಪರೀಕ್ಷಿಸಿದ ಹನಿಯನ್ನು ಚೆಲ್ಲಿಬಿಡಿ. ಬಿಸಿಯ ಲೆಕ್ಕ ಯಾಕಿಷ್ಟು ಕಟ್ಟುನಿಟ್ಟು ಎಂದರೆ, ಬ್ರೂವರಿಗಳಲ್ಲಿ 62, 63 ಡಿಗ್ರಿಯಲ್ಲಿ ನಿಂತ ಬಾರ್ಲಿ ರಸದಿಂದ ಹಗುರ, ಸಿಹಿ ಕಡಿಮೆಯಾದ ಏಲ್ ಬರುತ್ತದೆ. 68ರಲ್ಲಿ ನಿಂತದ್ದರಿಂದ ಬಾಯಿ ತುಂಬುವ, ಸಿಹಿ ಉಳಿಸಿಕೊಂಡ ಏಲ್ ಬರುತ್ತದೆ. ಎರಡರ ನಡುವೆ ಐದಾರು ಡಿಗ್ರಿಯ ಅಂತರವಷ್ಟೇ.

ಹಂತ 5: ಕುದಿ, ಕಹಿ, ಸೋಸುವಿಕೆ

ಬಟ್ಟೆಯಲ್ಲಿ ಸೋಸಿದ ರಸವನ್ನು 15 ನಿಮಿಷ ಕುದಿಸಿ. ಇದರಿಂದ ಕಿಣ್ವವೂ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಬ್ರೂವರಿಯಲ್ಲಾದರೆ ಈ ಹೊತ್ತಿಗೆ ಕಹಿಗೆಂದು ಹಾಪ್ಸ್ ಹೂವು ಬೀಳುತ್ತದೆ. ನಮ್ಮ ದೇಶದಲ್ಲಿ ಅದು ಬೆಳೆಯುವುದು ಹಿಮಾಚಲದ ಲಾಹೌಲ್ ಕಣಿವೆಯಂಥ ಚಳಿಯ ಜಾಗದಲ್ಲಿ, ಚೆನ್ನೈನ ಕಿರಾಣಿ ಅಂಗಡಿಯಲ್ಲಿ ಸಿಗದು. ಆದರೆ ಹಾಪ್ಸ್ ರೂಢಿಗೆ ಬರುವ ಮೊದಲು ಯುರೋಪಿನವರೂ ಬೇರೆ ಬೇರೆ ಗಿಡಮೂಲಿಕೆ ಬಳಸುತ್ತಿದ್ದರು, ಬೆಲ್ಜಿಯಂನ ಬಿಳಿ ಬಿಯರಿಗೆ ಇಂದಿಗೂ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಬೀಳುತ್ತವೆ. ಒಂದು ತುಂಡು ಒಣ ಕಿತ್ತಳೆ ಸಿಪ್ಪೆ, ಅರ್ಧ ಚಮಚ ಜಜ್ಜಿದ ಕೊತ್ತಂಬರಿ ಬೀಜ ಕೊನೆಯ ಐದು ನಿಮಿಷಕ್ಕೆ ಸಾಕು. ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸಿ, 24 ಗಂಟೆಯೊಳಗೆ ಮುಗಿಸಿ. ಹೊರಗಿಟ್ಟರೆ ಗಾಳಿಯ ಯೀಸ್ಟ್ ಇಳಿದು ತಾನಾಗಿ ಹುದುಗಲು ಶುರುವಾಗುತ್ತದೆ. ನೊರೆ ಕಂಡರೆ ಚೆಲ್ಲಿ. ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿಡುವುದಂತೂ ಬೇಡವೇ ಬೇಡ, ಒತ್ತಡಕ್ಕೆ ಒಡೆದೀತು. ಸಕ್ಕರೆ ಕಾಯಿಲೆಯವರು ಇದು ಸಿಹಿ ಪಾನೀಯವೆಂಬುದನ್ನು ಮರೆಯಬಾರದು.

ಹಂತ 6: ರುಚಿ ನೋಡುವುದು

ಎರಡು ಪಾಲು ರಸಕ್ಕೆ ಒಂದು ಪಾಲು ತಣ್ಣನೆಯ ಸೋಡಾ ಬೆರೆಸಿ ಎರಡು ಲೋಟಕ್ಕೆ ಹಾಕಿ. ಒಂದನ್ನು ಕೂಡಲೇ ಕುಡಿಯಿರಿ, ಇನ್ನೊಂದನ್ನು ಹತ್ತು ಹದಿನೈದು ನಿಮಿಷ ಮೇಜಿನ ಮೇಲೆ ಬಿಟ್ಟು ಸುಮಾರು 12 ಡಿಗ್ರಿಗೆ ಬಂದಾಗ ಕುಡಿಯಿರಿ. ಮೊದಲನೆಯದರಲ್ಲಿ ತಂಪು, ಸಿಹಿ ಬಿಟ್ಟರೆ ಹೆಚ್ಚೇನೂ ತಿಳಿಯದು; ಎರಡನೆಯದರಲ್ಲಿ ಹುರಿದ ವಾಸನೆ, ಸಿಪ್ಪೆಯ ಕಹಿ, ಧಾನ್ಯದ ಘಮ ಬಿಡಿಬಿಡಿಯಾಗಿ ಗೊತ್ತಾಗುತ್ತವೆ. ಇಂಗ್ಲೆಂಡಿನವರು 1971ರಲ್ಲಿ ಕಟ್ಟಿದ ಕಾಮ್ರಾ ಬಳಗ ಉಳಿಸಿಕೊಳ್ಳಲು ಹೋರಾಡಿದ ‘ರಿಯಲ್ ಏಲ್’ ಅನ್ನು, ಅಂದರೆ ಸೋಸದೆ, ಪೀಪಾಯಿಯಲ್ಲೇ ಮಾಗಿಸಿ ಹಾಗೇ ಬಡಿಸುವ ಏಲನ್ನು, 11ರಿಂದ 13 ಡಿಗ್ರಿಯಲ್ಲಿ ಕುಡಿಯುವುದು ಇದಕ್ಕೇ. ಐಸ್‌ನಂತೆ ಕೊರೆಯುವುದೇ ಒಳ್ಳೆಯ ಬಿಯರ್ ಎಂಬ ನಮ್ಮೂರ ಅಳತೆಗೋಲು ಲಾಗರಿಗೆ ಸರಿ. ಏಲಿಗೂ ಸ್ಟೌಟಿಗೂ ಅದು ಅನ್ಯಾಯ.

ಇಷ್ಟೆಲ್ಲ ಮಾಡಿ ಕೊನೆಗೆ ಸಿಕ್ಕಿದ್ದು ಗಂಜಿನೀರು ತಾನೇ ಎಂಬ ಆಕ್ಷೇಪಕ್ಕೆ ಬೆಲೆಯಿದೆ. ಯೀಸ್ಟ್ ತರುವ ಹಣ್ಣಿನ ಘಮ, ಹಾಪ್ಸಿನ ಕಹಿ, ಹುದುಗಿದ ಮೇಲಿನ ಒಣರುಚಿ ಇದರಲ್ಲಿ ಇಲ್ಲ. ಬಾರ್ಲಿಯ ರುಚಿ ಬೇರೆ, ರಾಗಿಯ ರುಚಿ ಬೇರೆ. ಪೇಲ್ ಏಲಿನ ತಿಳಿಬಣ್ಣವೂ ರಾಗಿಯಲ್ಲಿ ಬರದು. ಆದರೆ ಕಲಿಯಬೇಕಾದವರಿಗೆ ಒಂದೊಂದೇ ರುಚಿಯನ್ನು ಬಿಡಿಸಿ ತೋರಿಸುವುದು ಲಾಭವೇ. ಸಿದ್ಧ ಬಿಯರಿನಲ್ಲಿ ಮಾಲ್ಟು, ಹಾಪ್ಸು, ಯೀಸ್ಟು, ಮದ್ಯಸಾರ ಒಟ್ಟಿಗೆ ನಾಲಿಗೆಗೆ ಬರುವುದರಿಂದ ಯಾವುದು ಯಾವುದೆಂದು ಹೊಸಬರಿಗೆ ತಿಳಿಯುವುದಿಲ್ಲ. ಇಲ್ಲಿ ಮಾಲ್ಟ್ ಒಂದೇ ಮುಂದೆ ನಿಲ್ಲುತ್ತದೆ.

ಐದು ಲೀಟರ್ ಗುಟ್ಟಾಗಿ ಹುದುಗಿಸಿದರೆ ಯಾರಿಗೆ ನಷ್ಟ ಎಂಬುದು ಎರಡನೆಯ ಪ್ರಶ್ನೆ. ಮನೆಯ ಬಿಯರಿಗೂ ಕಳ್ಳಭಟ್ಟಿಗೂ ಹೋಲಿಕೆಯಿಲ್ಲ ಎಂಬುದು ವಿಜ್ಞಾನದ ದೃಷ್ಟಿಯಿಂದ ನಿಜವೇ. 2024ರ ಜೂನ್‌ನಲ್ಲಿ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಮೆಥನಾಲ್ ಬೆರೆತ ಸಾರಾಯಿ, ಹುದುಗಿಸಿದ ಧಾನ್ಯವಲ್ಲ. ಆದರೆ ಆ ದುರಂತದ ಬೆನ್ನಿಗೇ ರಾಜ್ಯ ಸರ್ಕಾರ ಕಾಯ್ದೆ ತಿದ್ದಿ ಶಿಕ್ಷೆಗಳನ್ನು ಹೆಚ್ಚಿಸಿತು, ಲೈಸೆನ್ಸ್ ಇಲ್ಲದ ತಯಾರಿಕೆಯ ಮಟ್ಟಿಗೆ ಹವ್ಯಾಸಿಯೂ ಅದೇ ಕಾಯ್ದೆಯ ಕೆಳಗೆ ಬರುತ್ತಾನೆ. ಬ್ರಿಟನ್, ಅಮೆರಿಕಗಳಲ್ಲಿ ಕಾನೂನು ಬದಲಾದ ಮೇಲೆಯೇ ಇದು ತಲೆಯೆತ್ತಿ ಮಾಡುವ ಹವ್ಯಾಸವಾದದ್ದು. ಇಲ್ಲೂ ಬದಲಾಗಬೇಕೆಂದು ವಾದಿಸುವವರು ಅದನ್ನು ಬಹಿರಂಗವಾಗಿ ವಾದಿಸಲಿ, ಅಲ್ಲಿಯವರೆಗೆ ಯೀಸ್ಟನ್ನು ಇಡ್ಲಿ, ಬ್ರೆಡ್ಡಿನ ಕಡೆಗೇ ಬಿಡುವುದು ಕ್ಷೇಮ.

ಹುದುಗಿದ ಏಲನ್ನೇ ಸವಿಯಬೇಕೆನ್ನುವ 21 ದಾಟಿದವರಿಗೆ ಬೆಂಗಳೂರು ದೂರವಲ್ಲ. ಅಲ್ಲಿನ ಮೈಕ್ರೋಬ್ರೂವರಿಗಳಲ್ಲಿ ಅಲ್ಲೇ ತಯಾರಾದ ತಾಜಾ ಏಲ್, ಸ್ಟೌಟ್ ಸಿಗುತ್ತವೆ. ಹೋದಾಗ ಮೊದಲು ಚಿಕ್ಕ ಲೋಟಗಳಲ್ಲಿ ನಾಲ್ಕು ಬಗೆಯ ಸ್ಯಾಂಪಲ್ ಕೇಳಿ, ತಿಳಿಬಣ್ಣದಿಂದ ಕಪ್ಪಿನ ಕಡೆಗೆ ಸಾಗಿ, ಸ್ಟೌಟನ್ನು ಐದು ನಿಮಿಷ ಹಾಗೇ ಬಿಟ್ಟು ಕುಡಿಯಿರಿ. ಯಾವ ಮಾಲ್ಟ್, ಎಷ್ಟು ಹುರಿದದ್ದು, ಎಷ್ಟು ಡಿಗ್ರಿಯಲ್ಲಿ ನೆನೆಸಿದ್ದು ಎಂದು ಬ್ರೂವರನ್ನು ಕೇಳಿ. ಡ್ರೈವಿಂಗ್ ಬೇರೆಯವರಿಗೆ ಬಿಡಿ, ಬಾಟಲಿಯನ್ನು ಹೊಸೂರಿನ ಗಡಿ ದಾಟಿಸಬೇಡಿ. ಮನೆಯಲ್ಲಿ ಒಂದೆರಡು ಸಲ ರಾಗಿ ಮೊಳೆಸಿ, ಹುರಿದು, ಸೋಸಿದವರಿಗೆ ಬ್ರೂವರ್ ಕೊಡುವ ಉತ್ತರದ ಪ್ರತಿಯೊಂದು ಅಂಕಿಯೂ ಅರ್ಥವಾಗುತ್ತದೆ. ಲೋಟಕ್ಕೆ ಕೊಡುವ ದುಡ್ಡು ಸಾರ್ಥಕವಾಯಿತೇ ಇಲ್ಲವೇ ಎಂದು ತಾವೇ ನಿರ್ಧರಿಸಬಲ್ಲರು.