ನದಿಗೆ ನೀಲಿ ಬೇಡ

ಠಾಣೆಯ ವರ್ತಕ ನಗರದ ನಮ್ಮ ಸೊಸೈಟಿ ಹಾಲ್‌ನಲ್ಲಿ ಭಾನುವಾರ ಮಕ್ಕಳಿಗೆ ವಾರ್ಲಿ ಆದಿವಾಸಿಗಳ ಚಿತ್ರ ಹೇಳಿಕೊಡುತ್ತೇನೆ. ನಾನು ಮಲೆನಾಡಿನ ಸಾಗರದ ಕಡೆಯವಳು. ಈ ವಿದ್ಯೆ ಕಲಿತದ್ದು ಡಹಾಣು ಕಡೆಯ ಕಲಾವಿದರ ಅಂಗಳದಲ್ಲಿ. ಮಕ್ಕಳಿಗೆ ನಾನು ಹೇಳುವ ಐದು ಮಾತು ಇವು.

1. ಹಸಿ ಗೆರೆಯನ್ನು ನಂಬಿ. ಅವರ ಗೋಡೆಗೆ ಸಗಣಿ, ಕೆಮ್ಮಣ್ಣು. ನಮಗೆ ಕೆಮ್ಮಣ್ಣು ಬಳಿದ ಬಟ್ಟೆ. ಅಕ್ಕಿಹಿಟ್ಟಿಗೆ ನೀರು, ಗೋಂದು ಕಲಸಿ, ಬಿದಿರುಕಡ್ಡಿಯ ತುದಿ ಜಗಿದು ನಾರು ಬಿಡಿಸಿಕೊಂಡರೆ ಕುಂಚ ತಯಾರು. ಒದ್ದೆಯಿರುವಾಗ ಗೆರೆ ಸರಿಯಾಗಿ ಕಾಣುವುದಿಲ್ಲ, ಒಣಗಿದ ಮೇಲೆ ಬೆಳ್ಳಗೆ ಏಳುತ್ತದೆ. ಅವಸರಪಟ್ಟು ಮತ್ತೆ ಬಳಿದರೆ ಮೀನು ಹಲಸಿನಕಾಯಿಯಂತಾಗುತ್ತದೆ.

2. ನೀರನ್ನು ಬಿಡಿಸಬೇಡಿ, ನೀರಲ್ಲಿರುವುದನ್ನು ಬಿಡಿಸಿ. "ಮಿಸ್, ನೀಲಿ ಎಲ್ಲಿ?" ಎಂದು ಪ್ರತಿ ಹೊಸ ಹುಡುಗನೂ ಕೇಳುತ್ತಾನೆ. ಗಂಜಾಡ್‌ನ ವಾರ್ಲಿ ಕಲಾವಿದ ಜಿವ್ಯಾ ಸೋಮಾ ಮಶೆ (2011ರಲ್ಲಿ ಪದ್ಮಶ್ರೀ, 2018ರಲ್ಲಿ ತೀರಿಕೊಂಡರು) ಬಿಡಿಸಿದ ಮೀನುಬಲೆ ತೋರಿಸುತ್ತೇನೆ. ಕೂದಲೆಳೆಯಂಥ ಪುಟ್ಟ ಗೆರೆಗಳು ಕೂಡಿ ಬಲೆಯಾಗಿ ಚಿತ್ರದ ತುಂಬ ಹಬ್ಬಿವೆ. ಬಲೆ ಉಬ್ಬಿದ ಕಡೆ ಹೊಳೆಯ ಸೆಳೆತ ತಾನಾಗಿ ಗೊತ್ತಾಗುತ್ತದೆ. ಏಡಿ, ಕೊಡ ಹೊತ್ತ ಹೆಂಗಸು, ನಾಟಿಗೆ ಬಗ್ಗಿದ ಬೆನ್ನುಗಳು, ಇವಿಷ್ಟಿದ್ದರೆ ನದಿ ಬಂದಂತೆಯೇ.

3. ಕೆರೆಯ ಚಿತ್ರಕ್ಕೆ ಮೊದಲು ಗುಡ್ಡ ಹತ್ತಿ. ಉಪವನ ಕೆರೆ ಎಂದರೆ ನಮ್ಮ ಮಕ್ಕಳಿಗೆ ದೋಣಿ, ದೀಪ, ಪಾವ್‌ಭಾಜಿ. ಅದರ ಹಿಂದಿರುವ ಯೇವೂರ್ ಗುಡ್ಡದಲ್ಲಿ ವಾರ್ಲಿ ಪಾಡಾಗಳು, ಅಂದರೆ ಕೇರಿಗಳು, ಇಂದಿಗೂ ಇವೆ. ಅಲ್ಲಿನ ಅಜ್ಜಿಯೊಬ್ಬರು ನೀರು ಯಾವ ಬಂಡೆ ಬಳಸಿ ಇಳಿಯುತ್ತದೆ, ಮೊದಲ ಮಳೆಗೆ ಮೀನು ಎಲ್ಲಿ ಮೇಲಕ್ಕೆ ಹತ್ತುತ್ತಿತ್ತು ಎಂದು ಕೈಯಲ್ಲೇ ತೋರಿಸಿದರು. ನಮ್ಮ ಮಲೆನಾಡಿನ ಹತ್ತುಮೀನಿನದೇ ಸಂಭ್ರಮ! ಆಮೇಲೆ ಮಕ್ಕಳ ಚಿತ್ರದಲ್ಲಿ ಮೀನುಗಳೆಲ್ಲ ತಲೆ ಮೇಲೆ ಮಾಡಿ ಈಜತೊಡಗಿದವು.

4. ಮದುವೆಯ ಚೌಕ ಮಾರಾಟಕ್ಕಲ್ಲ. ವಾರ್ಲಿ ಮದುವೆಗೆ ಗೋಡೆಯ ಮೇಲೆ ಬರೆಯುವ ಅದು ಪಾಲಘಟ ದೇವಿಯ ಜಾಗ, ಮುತ್ತೈದೆಯರು ಹಾಡಿನೊಂದಿಗೆ ಬರೆಯುವಂಥದ್ದು. ನಾನು ಕಲಿಸುವುದಿಲ್ಲ. ಟೀ ಕಪ್ಪಿನ ಮೇಲೆ ಅದನ್ನು ಅಚ್ಚು ಹಾಕುವವರೊಡನೆ ಜಗಳವಾಡಿದ್ದೂ ಉಂಟು.

5. ಪೈಪನ್ನೂ ಬಿಡಿಸಿ. 1892ರ ತಾನ್ಸಾ, ಆಮೇಲಿನ ಮೋಡಕ್ ಸಾಗರ, ಭಾತ್ಸಾ ಜಲಾಶಯಗಳೆಲ್ಲವೂ ಹಳೆಯ ಠಾಣೆ ಜಿಲ್ಲೆಯ ಆದಿವಾಸಿ ಸೀಮೆಯವು. ನೀರು ಪೈಪಿನಲ್ಲಿ ಹೋಗುವುದು ಮುಂಬೈಗೆ. ಅದೇ ಸೀಮೆಯ ಶಹಾಪುರದ ಎಷ್ಟೋ ಪಾಡಾಗಳಿಗೆ ಬೇಸಗೆಯಲ್ಲಿ ಟ್ಯಾಂಕರೇ ಗತಿ. 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿ ಕಣಿವೆಯ ಊರುಗಳು ಮುಳುಗಿದ್ದನ್ನು ಕೇಳುತ್ತ ಬೆಳೆದವಳಿಗೆ ಇದು ಹೊಸ ಕತೆಯಲ್ಲ. ಚಿತ್ರವೂ ಅಷ್ಟೇ, ನಮ್ಮ ಕಡೆಯ ದೀವರ ಹೆಂಗಸರು ಗೋಡೆಗೆ ಬರೆಯುವ ಹಸೆಚಿತ್ತಾರದಲ್ಲೂ ಇದೇ ಕೆಮ್ಮಣ್ಣು, ಇದೇ ಅಕ್ಕಿಹಿಟ್ಟು. ಪೈಪು ವಾರ್ಲಿ ಸಂಪ್ರದಾಯದಲ್ಲಿಲ್ಲವೆಂದು ಕೆಲವರ ತಕರಾರು. ಆದರೆ ಬಸ್ಸು, ರೈಲನ್ನೂ ವಾರ್ಲಿ ಕಲಾವಿದರು ಯಾವತ್ತೋ ಬರೆದಿದ್ದಾರೆ. ನನ್ನ ವಿದ್ಯಾರ್ಥಿನಿಯೊಬ್ಬಳು ಪೈಪಿನ ಪಕ್ಕದಲ್ಲೇ ಖಾಲಿ ಕೊಡಗಳ ಸಾಲು ಬರೆದಳು. ಅದನ್ನು ಸೊಸೈಟಿಯ ನೀರಿನ ಟ್ಯಾಂಕಿನ ಗೋಡೆಗೆ ಹಾಕಲು ಕಮಿಟಿಯ ಒಪ್ಪಿಗೆ ಕೇಳಿದ್ದೇವೆ.